ಗೌರಿಬಿದನೂರಿನ ಹರಕೆ

ಗೌರಿಬಿದನೂರಿಗೆ ನಾಲ್ಕು ಸಲ ಹರಕೆ ಹೊತ್ತು ಹೋಗಿದ್ದೇನೆ. ಅಲ್ಲಿಯ ದೇವರು ಯಾವುದು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಗುಡಿ ಯಾವ ಬೀದಿಯಲ್ಲಿದೆ ಅನ್ನುವುದೂ ಗೊತ್ತಿಲ್ಲ. ಹೊಳೆ ಗೊತ್ತು, ಹೊಳೆಯ ದಂಡೆಯ ಮೈದಾನ ಗೊತ್ತು, ಮೈದಾನದ ಎರಡು ತುದಿಗೂ ಗೋಲಿಗೆಂದು ನೆಟ್ಟಿದ್ದ ಸರ್ವೆ ಮರದ ಕಂಬಗಳು ಗೊತ್ತು. ಕರೆದುಕೊಂಡು ಹೋಗುತ್ತಿದ್ದವರು ನಮ್ಮ ಪಕ್ಕದ ಮನೆಯ ಅಕ್ಕ. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಯಾರೂ ಅವರನ್ನು ಹೆಸರು ಹಿಡಿದು ಕರೆಯಲಿಲ್ಲ. ಮೇಷ್ಟ್ರ ತಂಗಿ ಅಂದರೆ ಮುಗಿಯಿತು. ಈಗ ನಾನು ಯಾಕೆ ಶುರು ಮಾಡಲಿ.

ಚಿಂತಾಮಣಿ ಕಡೆಯ ಹಳ್ಳಿಯಿಂದ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದಾಗ ನನಗೆ ಹದಿನೇಳು. ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಗಿತ್ತೋ ಏನೋ. ಪಕ್ಕದ ಮನೆ ಡ್ರಿಲ್ ಮೇಷ್ಟ್ರದು. ಸ್ಕೂಲಿನಲ್ಲಿ ಡ್ರಿಲ್ ಮಾಡಿಸಿ, ಸಂಜೆ ಊರಿನ ಹುಡುಗರಿಗೆ ಫುಟ್‌ಬಾಲ್ ಆಡಿಸುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿದ ಈ ಅಕ್ಕ ಮನೆ ನೋಡಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಇದ್ದದ್ದು ಇಬ್ಬರೇ, ಇಬ್ಬರು ಮತ್ತು ಒಂದು ಚೆಂಡು.

ಊರಿನ ಟೀಮಿನ ಚೆಂಡು ಅವರ ಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಇರುತ್ತಿತ್ತು. ಚರ್ಮದ ಚೆಂಡು, ಒಳಗೆ ರಬ್ಬರಿನ ಚೀಲ. ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ, ಬಾಯನ್ನು ಚರ್ಮದ ದಾರದಿಂದ ಹೆಣೆದು ಕಟ್ಟಬೇಕು. ಮೇಷ್ಟ್ರು ಕಟ್ಟಿದರೆ ಆಟದ ಮಧ್ಯೆ ಬಿಚ್ಚಿಕೊಳ್ಳುತ್ತಿತ್ತು. ಅಕ್ಕ ಕಟ್ಟಿದರೆ ಬಿಚ್ಚಲು ಇಕ್ಕಳ ಬೇಕಾಗುತ್ತಿತ್ತು. ಚರ್ಮ ಬಿರುಕು ಬಿಡದಿರಲಿ ಅಂತ ವಾರಕ್ಕೊಮ್ಮೆ ಹರಳೆಣ್ಣೆ ಹಚ್ಚುತ್ತಿದ್ದರು. ಮಕ್ಕಳಿಲ್ಲದವಳು, ಅದಕ್ಕೇ ಹೀಗೆ ಅಂತ ಬೀದಿಯ ಹೆಂಗಸರು ಕನಿಕರ ಪಡುತ್ತಿದ್ದರು. ಹಾಗೇನೂ ಇಲ್ಲ. ಉಪ್ಪಿನಕಾಯಿ ಜಾಡಿಯನ್ನೂ ಅವರು ಅಷ್ಟೇ ಜೋಪಾನ ಮಾಡುತ್ತಿದ್ದರು.

ಆಟದ ಮಾರನೆಯ ದಿನ ಹುಡುಗರೆಲ್ಲ ಮೇಷ್ಟ್ರ ಜಗಲಿಯಲ್ಲಿ ಸೇರಿ ಜಗಳ ಆಡುತ್ತಿದ್ದರು. ಯಾರು ಎಲ್ಲಿ ನಿಲ್ಲಬೇಕಿತ್ತು, ಯಾರು ಯಾರಿಗೆ ಕೊಡಬೇಕಿತ್ತು. ಅಕ್ಕ ಬಾಗಿಲ ಒಳಗೆ ಕೂತು ಅಕ್ಕಿ ಆರಿಸುತ್ತಿದ್ದರು. ಯಾರಾದರೂ ದಡ್ಡತನದ ಮಾತಾಡಿದರೆ ಒಳಗಿನಿಂದ ಮೊರವನ್ನು ಒಂದು ಸಲ ಜೋರಾಗಿ ತಟ್ಟಿದ ಸದ್ದು. ಮಾತಾಡುತ್ತಿದ್ದವನು ಅಲ್ಲಿಗೇ ನಿಲ್ಲಿಸಿ ತಲೆ ಕೆರೆದುಕೊಳ್ಳುತ್ತಿದ್ದ. ಮೇಷ್ಟ್ರ ಮಾತಿಗೂ ಒಂದೊಂದು ಸಲ ಮೊರ ತಟ್ಟುವುದಿತ್ತು. ಅವರು ಮಾತ್ರ ಕೇಳಿಸದವರ ಹಾಗೆ ಮುಂದುವರಿಸುತ್ತಿದ್ದರು.

ನಮ್ಮೂರ ಮೈದಾನ ಅವರ ಹಿತ್ತಲ ಗೋಡೆಯ ಆಚೆಗೇ ಇತ್ತು. ಅಲ್ಲಿಗೆ ಅಕ್ಕ ಕಾಲಿಟ್ಟವರಲ್ಲ. ಹೋಗಬೇಡ ಅಂತ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಗಂಡ ಸತ್ತ ಹೆಂಗಸು ಚಡ್ಡಿ ಹಾಕಿದ ಗಂಡಸರ ಓಟ ನೋಡಲು ಹೋಗುವುದುಂಟೇ. ಊರಿನ ಆಟ ಅವರಿಗೆ ಬರೀ ಸದ್ದು.

ಇನ್ನು ಹರಕೆಯ ವಿಷಯ. ನನಗೆ ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗಲಿಲ್ಲ. ನಮ್ಮತ್ತೆ ದಿನಾ ಗೊಣಗುತ್ತಿದ್ದರು. ಒಂದು ದಿನ ಅಕ್ಕ ಬಂದು ನಮ್ಮತ್ತೆಯ ಎದುರು ಕೂತರು.

"ಗೌರಿಬಿದನೂರಲ್ಲಿ ಒಂದು ದೇವ್ರಿದೆಯಂತಮ್ಮ. ಹೊಳೇಲಿ ಮುಳುಗಿ ಸುತ್ತು ಬಂದ್ರೆ ಮಕ್ಕಳಾಗ್ತವಂತೆ. ನಂಗೂ ಒಂದು ಹರಕೆ ಬಾಕಿ ಇದೆ. ಈ ಶನಿವಾರ ಇವಳನ್ನ ಕರ್ಕೊಂಡು ಹೋಗ್ಬರ್ಲಾ?"

"ಹೋಗ್ಬನ್ನಿ," ಅಂದರು ನಮ್ಮತ್ತೆ. "ಆದ್ರೆ ಒಳ್ಳೆ ಕೆಲಸಕ್ಕೆ ಹೋಗೋದು, ನೀನು ಹಿಂದೆ ನಡಿಯಮ್ಮ. ಅವಳು ಮುಂದೆ ಇರ್ಲಿ."

"ಆಗ್ಲಮ್ಮ," ಅಂದರು ಅಕ್ಕ. ಬೀದಿಯ ತಿರುವಿನ ತನಕ ಹಿಂದೆ ನಡೆದರು. ತಿರುವು ದಾಟಿದ್ದೇ ಅವರು ಮುಂದೆ, ನಾನು ಅವರ ಹಿಂದೆ ಓಟ.

ಬಸ್ಸು ಇಳಿದು ಹೊಳೆಯಲ್ಲಿ ಮುಳುಗಿ ಎದ್ದೆವು. ಸೀರೆ ಬದಲಾಯಿಸಿ, ಒದ್ದೆ ಸೀರೆಗಳನ್ನು ಮೈದಾನದ ಅಂಚಿನ ಬೇಲಿಯ ಮೇಲೆ ಹರವಿದೆವು. ಬುತ್ತಿ ಬಿಚ್ಚಿ ಉಂಡೆವು. ಆಮೇಲೆ ಕೇಳಿದೆ:

"ಅಕ್ಕಾ, ಗುಡಿ ಎಲ್ಲಿ?"

"ಇಲ್ಲೇ ಕೂತ್ಕೊ. ಮೂರು ಗಂಟೆಗೆ ಬಾಗ್ಲು ತೆಗೀತಾರೆ."

ಮೂರು ಗಂಟೆಗೆ ನಮ್ಮೂರ ಹುಡುಗರು ಚಡ್ಡಿ ಹಾಕಿಕೊಂಡು ಮೈದಾನಕ್ಕೆ ಇಳಿದರು, ಅವರ ಹಿಂದೆ ಮೇಷ್ಟ್ರು. ಅಕ್ಕ ಸೆರಗನ್ನು ಹಣೆಯ ತನಕ ಎಳೆದುಕೊಂಡು ಬೇಲಿಯ ಮೇಲಿನ ಸೀರೆಯನ್ನು ಮಗುಚಿ ಹಾಕಿದರು. ಆಗ ಗೊತ್ತಾಯಿತು ನನಗೆ ಸೀರೆಯ ಮರ್ಮ. ಆ ಮೈದಾನ ದಾಟಿಯೇ ಊರಿನ ಹೆಂಗಸರು ಹೊಳೆಗೆ ಹೋಗುವುದು, ಬಟ್ಟೆ ಒಗೆದು ಅಲ್ಲೇ ಒಣಗಿಸುವುದು. ಬಟ್ಟೆ ಒಣಗಿಸುವ ಹೆಂಗಸನ್ನು ಯಾಕೆ ನಿಂತಿದ್ದೀಯ ಅಂತ ಯಾರೂ ಕೇಳುವುದಿಲ್ಲ. ಸೀರೆ ಒಣಗುವ ತನಕ ನಿಲ್ಲಬಹುದು. ಒಣಗಿದೆಯೋ ಇಲ್ಲವೋ ನೋಡುವವರು ಯಾರು.

ಅದಕ್ಕೇ ಅವರಿಗೆ ಎಲ್ಲ ಊರಿಗಿಂತ ಗೌರಿಬಿದನೂರು ಹೆಚ್ಚು. ಚಿಕ್ಕಬಳ್ಳಾಪುರ ಅಂದರೆ ಮುಖ ಸಿಂಡರಿಸುತ್ತಿದ್ದರು. ಅಲ್ಲಿ ನೆಂಟರು ಜಾಸ್ತಿ, ಕಣ್ಣು ತಪ್ಪಿಸುವುದರಲ್ಲೇ ಆಟ ಮುಗಿಯುತ್ತದೆ. ಚಿಂತಾಮಣಿಗೆ ಸಣ್ಣ ರೈಲಿನಲ್ಲಿ ಹೋಗುತ್ತಿದ್ದೆವು, ಮುರುಗಮಲ್ಲದ ದರ್ಗಾದಲ್ಲಿ ಹರಕೆ ಅಂತ ಹೇಳಿ. ಅಲ್ಲಿ ಒಂದು ಬಂಡೆಯ ಮೇಲೆ ಕೂತರೆ ಅಂಬಾಜಿದುರ್ಗದ ಬೆಟ್ಟವೂ ಕಾಣುತ್ತಿತ್ತು, ಮೈದಾನವೂ ಕಾಣುತ್ತಿತ್ತು. ಆದರೆ ದೂರ. ಚಿಂತಾಮಣಿಯಲ್ಲಿ ಅವರಿಗೆ ಇಷ್ಟವಾಗುತ್ತಿದ್ದದ್ದು ಜನರ ಬಾಯಿ. ನಮ್ಮದು ರೇಷ್ಮೆ ಗೂಡಿನ ಊರು ತಾನೆ. ನಮ್ಮ ಹುಡುಗರನ್ನು ಕಂಡ ಕೂಡಲೇ ಅಲ್ಲಿಯವರು ತೆಲುಗಿನಲ್ಲಿ ಕೂಗುತ್ತಿದ್ದರು: "ಏಮ್ರಾ, ಆಡೇದಾನಿಕಿ ವಚ್ಚಿನಾರಾ, ಗೂಡು ಅಮ್ಮೇದಾನಿಕಿ ವಚ್ಚಿನಾರಾ?" ಆಡೋಕೆ ಬಂದಿರಾ, ಗೂಡು ಮಾರೋಕೆ ಬಂದಿರಾ ಅಂತ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಮ್ಮವರನ್ನು ಬೈದರೂ ನಗುತ್ತೀರಲ್ಲ ಅಂದರೆ, "ಬೈಗುಳ ಚೆನ್ನಾಗಿದ್ರೆ ನಗ್ಬೇಕಮ್ಮ," ಅನ್ನುತ್ತಿದ್ದರು.

ಅವರು ನೋಡುತ್ತಿದ್ದ ರೀತಿಯೇ ಬೇರೆ. ನಾನು ಚೆಂಡಿನ ಹಿಂದೆ ಕತ್ತು ತಿರುಗಿಸಿ ತಿರುಗಿಸಿ ನೋವು ಮಾಡಿಕೊಳ್ಳುತ್ತಿದ್ದೆ. ಅವರ ಕಣ್ಣು ಎಲ್ಲೋ ಇರುತ್ತಿತ್ತು.

"ಚೆಂಡಿರೋನ್ನ ಎಲ್ರೂ ನೋಡ್ತಾರೆ ಕಣೇ. ಚೆಂಡಿಲ್ದೋನು ಏನ್ ಮಾಡ್ತಾನೆ ಅದನ್ನ ನೋಡು."

ನೋಡಿದೆ. ಚೆಂಡಿಲ್ಲದವನು ಮೂಗು ಒರೆಸುತ್ತಿದ್ದ. ಅದರಲ್ಲಿ ಅವರಿಗೆ ಏನು ಕಂಡಿತೋ ನನಗೆ ಈ ವಯಸ್ಸಿನವರೆಗೂ ತಿಳಿದಿಲ್ಲ. ತಿಳಿಯಬೇಕು ಅನ್ನುವ ಆಸೆಯಂತೂ ಹೋಗಿಲ್ಲ.

ಆಟ ಮುಗಿದ ಕೂಡಲೇ ನಾವು ಬಸ್ಸು ಹತ್ತಿಬಿಡುತ್ತಿದ್ದೆವು. ಹುಡುಗರು ಆ ಊರಿನವರು ಕೊಟ್ಟ ಉಪ್ಪಿಟ್ಟು ತಿಂದು ಬರುವಷ್ಟರಲ್ಲಿ ಅಕ್ಕ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. "ಏನಾಯ್ತಣ್ಣ ಆಟ?" ಅಂತ ಕೇಳುತ್ತಿದ್ದರು. ಮೇಷ್ಟ್ರು ಹೇಳುತ್ತಿದ್ದರು, ಅರ್ಧ ನಿಜ ಅರ್ಧ ತಮಗೆ ಬೇಕಾದ ಹಾಗೆ. ಅಕ್ಕ ಹೂಂಗುಟ್ಟುತ್ತಿದ್ದರು.

ನಾಲ್ಕನೆಯ ಸಲ ಗೌರಿಬಿದನೂರಿಗೆ ಹೋದಾಗ ಎಡವಟ್ಟಾಯಿತು. ಬೇಲಿಯನ್ನು ಯಾರೋ ಕಡಿದು ಹಾಕಿದ್ದರು. ಒದ್ದೆ ಸೀರೆ ಹರವಲು ಜಾಗವಿಲ್ಲ. ಮೈದಾನದಲ್ಲಿ ನರಪಿಳ್ಳೆ ಇರಲಿಲ್ಲ. ಆಗೆಲ್ಲ ಗೋಲಿನ ಮೇಲುಗಡೆ ಮರದ ಪಟ್ಟಿ ಇರುತ್ತಿರಲಿಲ್ಲ, ಎರಡು ಕಂಬದ ನಡುವೆ ಒಂದು ಹಗ್ಗ ಬಿಗಿಯುತ್ತಿದ್ದರು. ಚೆಂಡು ಹಗ್ಗದ ಕೆಳಗೆ ಹೋದರೆ ಗೋಲು, ಮೇಲೆ ಹೋದರೆ ಇಲ್ಲ. ಹೆಂಗಸಿನ ಕಣ್ಣಿಗೆ ಅದು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಕಾಣದೆ ಇನ್ನು ಹೇಗೆ ಕಾಣಬೇಕು. ಹೊಳೆ ಕಡೆಯ ಗೋಲಿನ ಹಗ್ಗದ ಮೇಲೆ ಎರಡು ಸೀರೆಯನ್ನೂ ಎಸೆದು ಹಾಕಿದೆವು. ಸುಕ್ಕು ಬಿಡಲಿ ಅಂತ ಅಂಚು ಹಿಡಿದು ಜಗ್ಗಿದೆವು. ಒದ್ದೆ ಸೀರೆಯ ಭಾರ ಬೇರೆ. ಕಂಬದಲ್ಲಿದ್ದ ಗಂಟು ಜಾರಿ ಹಗ್ಗ ಗೇಣುದ್ದ ಕೆಳಗಿಳಿಯಿತು.

"ಅಕ್ಕಾ, ಹಗ್ಗ ಇಳೀತು."

"ಕಂಬ ಹತ್ತಿ ಬಿಗಿಯೋಕೆ ನಮ್ಮ ಕೈಲಾಗುತ್ತೇನೇ? ಆಟಕ್ಕೆ ಮುಂಚೆ ಅವರೇ ನೋಡ್ಕೋತಾರೆ ಬಿಡು."

ಮಧ್ಯಾಹ್ನಕ್ಕೆ ಸೀರೆ ತೆಗೆದು ಮಡಿಸಿಟ್ಟೆವು. ಆ ಊರಿನವರು ಬಂದರು, ಸುಣ್ಣದ ಗೆರೆ ಎಳೆದರು, ಹಗ್ಗವನ್ನು ಯಾರೂ ನೋಡಲಿಲ್ಲ.

ನಮ್ಮವರ ಗೋಲಿನಲ್ಲಿ ನಿಲ್ಲುತ್ತಿದ್ದವನು ಮುನಿರಾಜು, ಎತ್ತರದ ಹುಡುಗ. ಮೊದಲ ಅರ್ಧ ಅವನು ನಿಂತದ್ದು ಹೊಳೆ ಕಡೆಯ ಗೋಲಿನಲ್ಲಿ. ನಿಂತ ಕೂಡಲೇ ತುದಿಗಾಲಲ್ಲಿ ಎದ್ದು ಹಗ್ಗ ಮುಟ್ಟಿ ನೋಡಿಕೊಂಡ, ಅದು ಅವನ ಅಭ್ಯಾಸ. ಎರಡನೆಯ ಅರ್ಧಕ್ಕೆ ಆಚೆ ತುದಿಯ ಗೋಲಿಗೆ ಹೋದ. ಅಲ್ಲಿ ಹಗ್ಗ ಮುಟ್ಟಲಿಲ್ಲ. ಎರಡೂ ಒಂದೇ ಎತ್ತರ ಅಂತ ಯಾರಾದರೂ ತಿಳಿಯುತ್ತಾರೆ. ಆಟ ಮುಗಿಯುವ ಹೊತ್ತಿಗೆ ಒಂದು ಚೆಂಡು ಅವನ ತಲೆಯ ಮೇಲೆ ಬಂತು. ಕೈ ಎತ್ತದೆ ನೋಡುತ್ತ ನಿಂತ. ಚೆಂಡು ಹಗ್ಗದ ಕೆಳಗೆ ಹೋಯಿತು. ಆ ಒಂದು ಗೋಲಿನಿಂದ ಸೋತೆವು.

ಮಾರನೆಯ ಬೆಳಿಗ್ಗೆ ನಾನು ಹೆಪ್ಪಿಗೆ ಮಜ್ಜಿಗೆ ಕೇಳಲು ಅಕ್ಕನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಮೇಷ್ಟ್ರ ಗಂಟಲು.

"ಕೈ ಎತ್ತಿದ್ಯೇನೋ?"

"ಇಲ್ಲ ಸಾರ್."

"ಯಾಕೆ ಎತ್ಲಿಲ್ಲ?"

"ಹಗ್ಗದ ಮೇಲೆ ಹೋಗುತ್ತೆ ಅಂತ ಬಿಟ್ಟೆ ಸಾರ್. ದೇವ್ರಾಣೆ."

"ಮಾವನ ಮನೆಗೆ ಬರಿಗೈಲಿ ಹೋಗ್ಬಾರ್ದಲ್ಲ ಸಾರ್," ಅಂದ ಇನ್ನೊಬ್ಬ. "ಒಂದು ಗೋಲಿಟ್ಟು ಬಂದ."

ಎಲ್ಲರೂ ನಕ್ಕರು. ಮುನಿರಾಜುಗೆ ಗೌರಿಬಿದನೂರಿನಲ್ಲೇ ಹೆಣ್ಣು ಗೊತ್ತಾಗಿತ್ತು. ಮೇಷ್ಟ್ರು ನಗಲಿಲ್ಲ.

"ಊರು ಮಾರ್ಕೊಂಡೋನು ನೀನು. ಇನ್ಮೇಲೆ ಈ ಜಗಲಿ ಹತ್ತಬೇಡ."

ಅಕ್ಕನ ಕೈಯಲ್ಲಿ ಮೊರ ಇತ್ತು, ತಟ್ಟಲಿಲ್ಲ.

"ನಮ್ಮ ಸೀರೆ ಕಣೇ," ಅಂದರು ನನಗೆ ಮಾತ್ರ ಕೇಳುವ ಹಾಗೆ.

"ಸುಮ್ನಿರಿ ಅಕ್ಕ," ಅಂದೆ. "ಇವತ್ತು ಬೈತಾರೆ, ನಾಳೆ ಅವರೇ ಕರೀತಾರೆ. ನೀವು ಬಾಯಿಬಿಟ್ರೆ ಇನ್ನು ಹೊಸಿಲು ದಾಟೋ ಹಾಗಿಲ್ಲ."

ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಹುಡುಗನಿಗೆ ತಪ್ಪುತ್ತಿದ್ದದ್ದು ನಾಲ್ಕು ಆಟ. ಇವರಿಗೆ ತಪ್ಪುತ್ತಿದ್ದದ್ದು ಎಲ್ಲ ಊರೂ.

"ಈ ಮಾತು ಹೆಣ್ಣಿನ ಕಡೆಯೋರ ಕಿವಿಗೂ ಬೀಳುತ್ತೆ," ಅಂದು ಅಕ್ಕ ಮೊರ ಕೆಳಗಿಟ್ಟು ಹೊರಗೆ ಹೋದರು. ನಾನು ಬಾಗಿಲ ಸಂದಿಯಲ್ಲಿ ನಿಂತೆ.

"ಒಳಗೆ ಹೋಗು," ಅಂದರು ಮೇಷ್ಟ್ರು.

"ಹೋಗ್ತೀನಿ. ಹಗ್ಗ ಇಳಿಸಿದ್ದು ನಾನು."

"ಯಾವ ಹಗ್ಗ?"

"ಗೌರಿಬಿದನೂರ್ದು. ಹೊಳೆ ಕಡೆ ಗೋಲಿಂದು."

"ನೀನು ಹೋಗಿದ್ದು ಹರಕೆಗೆ!"

"ಹರಕೆ ಸೀರೆನೇ ಅದರ ಮೇಲೆ ಒಣಹಾಕಿದ್ದು," ಅಂದು ಮುನಿರಾಜು ಕಡೆ ತಿರುಗಿದರು. "ನಿನ್ನೆ ಮೊದಲ್ನೇ ಅರ್ಧದಲ್ಲಿ ಹಗ್ಗ ಎಷ್ಟು ಸಿಕ್ತಪ್ಪಾ ಕೈಗೆ?"

"ಪೂರ್ತಿ ಅಂಗೈ ಅಕ್ಕ."

"ಹೋದ ವರ್ಷ?"

ಹುಡುಗ ಯೋಚಿಸಿದ. "ಬೆರಳ ತುದಿ. ಅಷ್ಟೇ."

"ಆಚೆ ಕಡೆ ಹಗ್ಗ ಇದ್ದಲ್ಲೇ ಇತ್ತು. ಇವನು ಇಳಿದಿದ್ದ ಹಗ್ಗದ ಲೆಕ್ಕದಲ್ಲಿ ಬಿಟ್ಟ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅಣ್ಣ, ಇವನು ಕೈ ಎತ್ಲಿಲ್ಲ ಸರಿ. ಆ ಚೆಂಡು ಅಲ್ಲೀವರೆಗೂ ಬಂದಿದ್ದು ಹೇಗೆ? ಬಲಗಡೆ ಒಬ್ಬನೂ ಇರ್ಲಿಲ್ಲ. ಅಲ್ಲಿದ್ದ ಇಬ್ರನ್ನೂ ಕೈ ಬೀಸಿ ಮುಂದಕ್ಕೆ ಕಳಿಸ್ದೋನು ನೀನು."

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದು ಹೋದರು. ಹುಡುಗರು ಒಬ್ಬೊಬ್ಬರಾಗಿ ಎದ್ದರು. ಮುನಿರಾಜು ಕೊನೆಯವನು. ಬಾಗಿಲಿಗೆ ಬಂದು, "ಅಕ್ಕ, ಒಂದು ಲೋಟ ನೀರು ಕೊಡಿ," ಅಂದ. ಕುಡಿದು ಲೋಟ ತೊಳೆದಿಟ್ಟು ಹೋದ.

ನನ್ನ ಹೆಸರು ಅಕ್ಕ ಎತ್ತಲಿಲ್ಲ. ಎತ್ತದಿದ್ದರೇನು, ಒಟ್ಟಿಗೆ ಬಸ್ಸು ಹತ್ತಿದ್ದನ್ನು ಊರೇ ನೋಡಿತ್ತು. ನಮ್ಮತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ರಾಗಿ ಕೇರುತ್ತ ಕೇಳಿದರು:

"ಗೆದ್ದೋರ್ಯಾರು?"

"ಅವರು."

"ಥೂ," ಅಂದರು. ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ನನ್ನ ದೊಡ್ಡ ಮಗ ಹುಟ್ಟಿದಾಗ ಗೌರಿಬಿದನೂರಿನ ದಿಕ್ಕಿಗೆ ತಿರುಗಿ ಕೈ ಮುಗಿದರು.

ಪಕ್ಕದ ಮನೆಯಲ್ಲಿ ಮಾತ್ರ ಮೂರು ವಾರ ಮಾತಿಲ್ಲ. ಮನೆಯಲ್ಲಿ ಮೂರನೆಯ ಪ್ರಾಣಿ ಇಲ್ಲದಿದ್ದರೂ ಮೇಷ್ಟ್ರು, "ಊಟಕ್ಕೆ ಬಡಿಸಬಹುದಂತೆ," ಅಂತ ಗೋಡೆಗೆ ಹೇಳುತ್ತಿದ್ದರು. ಅಕ್ಕ ಬಡಿಸುತ್ತಿದ್ದರು. ಚೆಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಲಿಲ್ಲ.

ನಾಲ್ಕನೆಯ ಶನಿವಾರ ಚಿಂತಾಮಣಿಯಲ್ಲಿ ಆಟ. ಬೆಳಿಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ, ಗಿಡ್ಡ ಗೋಡೆಯಾಚೆ ಮೇಷ್ಟ್ರು ಮುಖ ತೊಳೆಯುತ್ತಿದ್ದರು. ತಂಗಿಯ ಕಡೆ ನೋಡದೆ ಕೇಳಿದರು:

"ಚಿಂತಾಮಣೀಲಿ ಯಾವ ದೇವ್ರಿಗೆ ಹರಕೆ ಇದೆ ನಿಂಗೆ? ಮುರುಗಮಲ್ಲಕ್ಕೆ ಹೋಗ್ತಿದ್ಯಲ್ಲ."

ದಾರಿ ತೋರಿಸಿಕೊಟ್ಟಿದ್ದರು ಪುಣ್ಯಾತ್ಮ. ಹೂಂ ಅಂದರೆ ಸಾಕಿತ್ತು.

"ಯಾವ ಹರಕೆನೂ ಇಲ್ಲ ಅಣ್ಣ," ಅಂದರು ಅಕ್ಕ. "ಚೆಂಡಾಟ ನೋಡ್ಬೇಕು."

ಮೇಷ್ಟ್ರು ಇನ್ನೊಂದು ಚೊಂಬು ನೀರು ಮುಖಕ್ಕೆ ಎರಚಿಕೊಂಡು ಒಳಗೆ ಹೋದರು. ನಾನು ಗೋಡೆಯ ಹತ್ತಿರ ಹೋಗಿ ಬೈದೆ.

"ಹೂಂ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಕ್ಕ?"

"ಎಷ್ಟು ದೇವ್ರಿಗೆ ಅಂತ ಹರಕೆ ಹೊರೋದೇ? ಸಾಕಾಗ್ಹೋಯ್ತು."

ರೈಲಿನ ಹೊತ್ತಾಯಿತು. ಆಗ ಊರೂರಲ್ಲಿ ಒಂದು ಕಟ್ಟಳೆ ಇತ್ತು. ಮೊದಲ ಅರ್ಧ ಆ ಊರಿನ ಚೆಂಡು, ಎರಡನೆಯ ಅರ್ಧ ಹೋದವರ ಚೆಂಡು. ಒಬ್ಬರ ಚೆಂಡಿನ ಮೇಲೆ ಇನ್ನೊಬ್ಬರಿಗೆ ನಂಬಿಕೆ ಇರಲಿಲ್ಲ. ಚೆಂಡಿಲ್ಲದೆ ಹೋದವರನ್ನು ಆಡಿಸುವುದೂ ಇಲ್ಲ, ನಕ್ಕು ಕಳಿಸುತ್ತಾರೆ. ಮೇಷ್ಟ್ರು ಪಂಪು ತೆಗೆದುಕೊಂಡರು, ಸೀಟಿ ತೆಗೆದುಕೊಂಡರು, ಕೊಡೆ ತೆಗೆದುಕೊಂಡರು. ಬಾಗಿಲು ಎಳೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅಕ್ಕ ನನ್ನನ್ನು ಕೂಗಿದರು. ಹೋದೆ. ಗೂಡಿನಲ್ಲಿ ಚೆಂಡು, ಎಣ್ಣೆ ಹಚ್ಚಿದ್ದು, ಬಾಯಿ ಕಟ್ಟಿದ್ದು.

ಅಕ್ಕ ಅದನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಎತ್ತಿಕೊಂಡರು. ಚೀಲಕ್ಕೆ ಹಾಕಿ ಅಂದೆ. ಹಾಕಲಿಲ್ಲ. ಕಂಕುಳಲ್ಲಿ ಇರಿಸಿಕೊಂಡು ಬೀದಿಗಿಳಿದರು. ನಮ್ಮತ್ತೆ ಬಾಗಿಲಲ್ಲಿದ್ದರು.

"ಎಲ್ಲಿಗೆ ಹೊರಟ್ರಿ ಇಬ್ರೂ?"

"ಮೇಷ್ಟ್ರು ಚೆಂಡು ಬಿಟ್ಟು ಹೋಗಿದ್ದಾರೆ," ಅಂದೆ.

"ನಿಂತು ಮಾತಾಡ್ತೀರಲ್ಲ! ರೈಲು ಕೂಗ್ತು, ನಡೀರಿ!"

ಹಾಡಹಗಲಲ್ಲಿ, ಪೇಟೆ ಬೀದಿಯಲ್ಲಿ ಹೋದೆವು. ರೇಷ್ಮೆ ಗೂಡಿನ ಮಂಕರಿ ಹೊತ್ತವರು ನಿಂತು ನೋಡಿದರು. ಅಕ್ಕ ಸೆರಗು ಎಳೆದುಕೊಳ್ಳಲಿಲ್ಲ, ಎಳೆದುಕೊಳ್ಳಲು ಕೈ ಖಾಲಿ ಇರಲಿಲ್ಲ. ಸ್ಟೇಷನ್ನಿನಲ್ಲಿ ಹುಡುಗರೆಲ್ಲ ರೈಲು ಹತ್ತಿದ್ದರು. ಮೇಷ್ಟ್ರು ಡಬ್ಬಿಯ ಬಾಗಿಲಲ್ಲಿ ನಿಂತಿದ್ದರು. ಚೆಂಡು ನೋಡಿದರು, ತಂಗಿಯನ್ನು ನೋಡಿದರು.

"ತಂದ್ಯಾ?"

"ತಂದೆ."

"ಹತ್ತು."

ಚಿಂತಾಮಣಿಯಲ್ಲಿ ಬಂಡೆಯ ಮೇಲೆ ಕೂರಲಿಲ್ಲ ಅಕ್ಕ. ಆಟಕ್ಕೆ ಮುಂಚೆ ಮುನಿರಾಜುವನ್ನು ಕರೆದುಕೊಂಡು ಎರ‍ಡೂ ಗೋಲಿಗೆ ನಡೆದು ಹೋಗಿ, ಅವನ ಕೈಯಲ್ಲಿ ಹಗ್ಗ ಮುಟ್ಟಿಸಿ, ತಾವು ಕೆಳಗೆ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. ಆ ಊರಿನವನೊಬ್ಬ ಕೂಗಿದ, "ಎವರ್ರಾ ಆಯಮ್ಮ?" ಯಾರೋ ಆ ಹೆಂಗಸು ಅಂತ. "ನಮ್ಮೂರ ಹಗ್ಗ ನೋಡೋರು," ಅಂದ ಮುನಿರಾಜು. ಗೌರಿಬಿದನೂರಿನ ಹುಡುಗಿಯ ಕಡೆಯವರು ಅವನನ್ನು ಬಿಡಲಿಲ್ಲ, ಮದುವೆಯೂ ಆಯಿತು.

ಆಮೇಲೆ ಎಲ್ಲ ಊರಲ್ಲೂ ಅಕ್ಕನಿಗೆ ಕುರ್ಚಿ ಹಾಕತೊಡಗಿದರು. "ಸೀರೆ ಒಣಹಾಕ್ಕೊಂಡು ನೋಡೋದೇ ಚೆನ್ನಾಗಿತ್ತು ಕಣೇ," ಅನ್ನುತ್ತಿದ್ದರು. "ಕುರ್ಚಿ ಮೇಲೆ ಕೂತ್ರೆ ಎಲ್ರೂ ನನ್ನೇ ನೋಡ್ತಾರೆ." ನಮ್ಮೂರ ಮೈದಾನಕ್ಕೆ ಮಾತ್ರ ಕೊನೆಗೂ ಹೋಗಲಿಲ್ಲ. ಕೆಲವು ವರ್ಷಕ್ಕೆ ಮೇಷ್ಟ್ರು ರಿಟೈರಾದರು, ಅಣ್ಣ ತಂಗಿ ತಮ್ಮ ಹಳ್ಳಿ ಸೇರಿದರು. ಅಕ್ಕ ಸತ್ತ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಚಿಂತಾಮಣಿಯಿಂದ ಬರುವ ರೈಲಿನಲ್ಲಿ ನಾನು ಅಕ್ಕನ ಕಿವಿಯಲ್ಲಿ ಕೇಳಿದ್ದೆ.

"ಇಷ್ಟು ವರ್ಷದಲ್ಲಿ ಒಂದ್ಸಲನೂ ಚೆಂಡು ಮರೆತೋರಲ್ಲ ನಿಮ್ಮಣ್ಣ. ಬೇಕಂತ ಬಿಟ್ಟು ಹೋದ್ರಾ?"

ಮೇಷ್ಟ್ರು ಎದುರಿನ ಸೀಟಿನಲ್ಲಿ ಕೊಡೆ ಹಿಡಿದು ತೂಕಡಿಸುತ್ತಿದ್ದರು. ಅಕ್ಕ ಅವರನ್ನು ಒಂದು ಗಳಿಗೆ ನೋಡಿದರು.

"ಅದನ್ನ ಕೇಳ್ಬಾರ್ದು ಕಣೇ. ಮುಂದಿನ ಸಲ ಏನ್ ಮಾಡ್ತಾನೆ ನೋಡಣ."

ಮುಂದಿನ ಸಲ ಚಿಕ್ಕಬಳ್ಳಾಪುರ. ನಾನು ಬೇಕೆಂದೇ ನಮ್ಮ ಜಗಲಿ ಗುಡಿಸುತ್ತ ನಿಂತಿದ್ದೆ. ಮೇಷ್ಟ್ರು ಪಂಪು ತೆಗೆದುಕೊಂಡರು, ಸೀಟಿ ತೆಗೆದುಕೊಂಡರು, ಕೊಡೆ ತೆಗೆದುಕೊಂಡರು. ಬಾಗಿಲು ಎಳೆದುಕೊಂಡು ಹೋದರು.